ವಾಹನೋದ್ಯಮದಲ್ಲಿ ವ್ಯವಹಾರ ನಿರ್ವಹಣೆಯ ಓದು: ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳೂ ಅವರ ಮನೆಯವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಲ್ಲಿ ‘ವಾಹನೋದ್ಯಮ’ ಎಂದರೆ ಕಾರು ಮಾತ್ರವಲ್ಲದೆ ಬೈಕು, ಟ್ರ್ಯಾಕ್ಟರ್, ಟಿಪ್ಪರ್, ಲಾರಿ, ಬಸ್ಸುಗಳನ್ನು ತಯಾರಿಸಿ, ಮಾರಿ, ಅವಕ್ಕೆ ಸಾಲ ಮತ್ತು ವಿಮೆ ಒದಗಿಸಿ, ದುರಸ್ತಿ ಮಾಡಿ, ಹಳೆಯದಾದ ಮೇಲೆ ಮತ್ತೊಬ್ಬರ ಕೈಗೆ ದಾಟಿಸುವವರೆಗಿನ ಇಡೀ ವ್ಯವಹಾರ ಎಂದು ತಿಳಿಯಬೇಕು.

ವಾಹನೋದ್ಯಮದ ನಿರ್ವಹಣೆಯ ಓದಿಗೂ ಆಟೊಮೊಬೈಲ್ ಇಂಜಿನಿಯರಿಂಗ್‌ಗೂ ಏನು ವ್ಯತ್ಯಾಸ?

ಇಂಜಿನಿಯರಿಂಗ್ ಓದಿದವರು ವಾಹನ ಹೇಗಿರಬೇಕು, ಹೇಗೆ ಓಡಬೇಕು ಎಂಬುದನ್ನು ನೋಡುತ್ತಾರೆ. ನಿರ್ವಹಣೆ ಓದಿದವರು ಎಷ್ಟು ವಾಹನ ತಯಾರಾಗಬೇಕು, ಯಾವ ಊರಿಗೆ ಯಾವ ತಿಂಗಳು ಎಷ್ಟು ಹೋಗಬೇಕು, ಬಿಡಿಭಾಗ ಎಲ್ಲಿಂದ ಬರಬೇಕು, ಗ್ರಾಹಕನಿಗೆ ಸಾಲ ಯಾರು ಕೊಡಬೇಕು, ವರ್ಕ್‌ಶಾಪ್ ನಷ್ಟವಿಲ್ಲದೆ ಹೇಗೆ ನಡೆಯಬೇಕು ಎಂಬ ಲೆಕ್ಕವನ್ನು ನೋಡುತ್ತಾರೆ.

ನಮ್ಮ ಭಾಗದಲ್ಲಿ ಕಾರು ಕಾರ್ಖಾನೆಯೇ ಇಲ್ಲವಲ್ಲ, ಇಲ್ಲಿದ್ದು ಇದನ್ನು ಓದಿ ಏನು ಪ್ರಯೋಜನ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಬಿಡದಿಯಲ್ಲಿದೆ, ವೋಲ್ವೊ ಲಾರಿಗಳು ಹೊಸಕೋಟೆಯಲ್ಲಿ ತಯಾರಾಗುತ್ತವೆ, ಹೋಂಡಾದ ದ್ವಿಚಕ್ರ ವಾಹನಗಳು ಕೋಲಾರದ ನರಸಾಪುರದಲ್ಲಿ, ಟಿವಿಎಸ್ ಮತ್ತು ಅಶೋಕ್ ಲೇಲ್ಯಾಂಡ್ ಗಡಿಯಾಚೆಯ ಹೊಸೂರಿನಲ್ಲಿವೆ. ಆದರೆ ವಾಹನ ಜೋಡಣೆಯಾಗುವ ಕಾರ್ಖಾನೆ ಈ ಉದ್ಯಮದ ಒಂದು ತುದಿ ಮಾತ್ರ, ಅದರ ಹಿಂದಿನ ಕೊಂಡಿಗಳಲ್ಲಿ ಕೆಲವು ನಮ್ಮ ಬಾಗಿಲಲ್ಲೇ ಇವೆ.

ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕು ಸ್ಥಾವರದಲ್ಲಿ ವಾಹನಗಳ ಮೈಗೆ ಬಳಸುವ ಉಕ್ಕಿನ ಹಾಳೆ ತಯಾರಾಗುತ್ತದೆ. ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಘಟಕದಲ್ಲಿ ಬೀಡುಕಬ್ಬಿಣದ ಜೊತೆಗೆ ಇಂಜಿನ್‌ಗಳ ಸಿಲಿಂಡರ್ ಬ್ಲಾಕ್, ಸಿಲಿಂಡರ್ ಹೆಡ್‌ಗಳ ಎರಕವೂ ನಡೆಯುತ್ತದೆ. ಗಿಣಿಗೇರಿಯಲ್ಲಿ ತಯಾರಾಗುವ ಮಿಶ್ರಲೋಹದ ಉಕ್ಕಿನ ಸರಳುಗಳು ಫೋರ್ಜಿಂಗ್ (ಲೋಹವನ್ನು ಕಾಯಿಸಿ ಬಡಿದು ಆಕಾರ ಕೊಡುವ) ಕಾರ್ಖಾನೆಗಳಿಗೆ ಹೋಗಿ ವಾಹನದ ಬಿಡಿಭಾಗಗಳಾಗುತ್ತವೆ. ಸಿಂಧನೂರಿನ ಹೊಲದಲ್ಲಿ ಉಳುಮೆ ಮಾಡುವ ಟ್ರ್ಯಾಕ್ಟರ್‌ನ ಎರಕದ ಭಾಗ ಅದೇ ತುಂಗಭದ್ರೆಯ ಆಸುಪಾಸಿನಲ್ಲಿ ಹುಟ್ಟಿರುವ ಸಾಧ್ಯತೆಯೂ ಉಂಟು.

ಇನ್ನೊಂದು ತುದಿಯಲ್ಲಿ ಮಾರುಕಟ್ಟೆ ಇದೆ. ಸಂಡೂರಿನ ಅದಿರು ಸಾಗಿಸುವ ಟಿಪ್ಪರ್‌ಗಳು, ಕಾಲುವೆ ನೀರಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳ ಟ್ರ್ಯಾಕ್ಟರ್ ಮತ್ತು ಭತ್ತ ಕೊಯ್ಯುವ ಯಂತ್ರಗಳು, ಅಕ್ಕಿ ಗಿರಣಿಗಳ ಲಾರಿಗಳು, ಹತ್ತಿ ಮತ್ತು ಮೆಣಸಿನಕಾಯಿ ಸಾಗಿಸುವ ಗೂಡ್ಸ್ ಗಾಡಿಗಳು ಇಲ್ಲಿವೆ. ಮಹಾನಗರದಲ್ಲಿ ಓದುವವರು ಕಾರಿನ ಮಾರುಕಟ್ಟೆಯನ್ನಷ್ಟೇ ನೋಡಿರುತ್ತಾರೆ. ದುಡಿಮೆಗಾಗಿ ಕೊಳ್ಳುವ ವಾಹನದ ವ್ಯವಹಾರ ಬೇರೆಯೇ ರೀತಿಯದು ಎಂಬುದು ಇಲ್ಲಿನ ಹುಡುಗರಿಗೆ ಓದುವ ಮೊದಲೇ ಗೊತ್ತಿರುತ್ತದೆ.

‘ಆಟೊಮೊಬೈಲ್’ ಎಂಬ ಹೆಸರಿರುವ ಎಂಬಿಎ ಅಥವಾ ಬಿಬಿಎಯನ್ನೇ ಸೇರಬೇಕೇ?

ಸೇರಲೇಬೇಕೆಂದಿಲ್ಲ. ಕೆಲಸ ಕೊಡುವ ಕಂಪನಿಗಳಲ್ಲಿ ಬಹುಪಾಲು ಸಾಮಾನ್ಯ ಎಂಬಿಎ, ಬಿಬಿಎ, ಬಿಕಾಂ ಅಥವಾ ಇಂಜಿನಿಯರಿಂಗ್ ಓದಿದವರನ್ನೇ ತೆಗೆದುಕೊಂಡು ತಮಗೆ ಬೇಕಾದಂತೆ ತರಬೇತಿ ಕೊಡುತ್ತವೆ. ಪದವಿಯ ಹೆಸರಿಗಿಂತ ಕೋರ್ಸಿನ ಒಳಗೆ ವರ್ಕ್‌ಶಾಪ್, ಬಿಡಿಭಾಗಗಳ ಗೋದಾಮು, ಶೋರೂಂ ಅಥವಾ ಕಾರ್ಖಾನೆಯಲ್ಲಿ ಎಷ್ಟು ವಾರ ನಿಂತು ಕೆಲಸ ಮಾಡಬೇಕಾಗುತ್ತದೆ ಎಂಬುದನ್ನು ನೋಡಬೇಕು. ಹೆಸರಿನಲ್ಲಿ ಮಾತ್ರ ಆಟೊಮೊಬೈಲ್ ಇದ್ದು, ನಾಲ್ಕು ಸೆಮಿಸ್ಟರ್ ಪೂರ್ತಿ ತರಗತಿಯ ಪರದೆಯ ಮೇಲೆ ಸ್ಲೈಡ್ ತೋರಿಸುವ ಕೋರ್ಸಿಗೆ ಹೆಚ್ಚಿನ ಶುಲ್ಕ ಕಟ್ಟುವುದು ಈ ಲೇಖಕನ ಮಟ್ಟಿಗೆ ದಂಡದ ಖರ್ಚು.

ಸಮೀಪದಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿಯೂ, ಬಳ್ಳಾರಿ ಮತ್ತು ಹೊಸಪೇಟೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಎಂಬಿಎ ಓದಲು ಅವಕಾಶವಿದೆ. ಅಲ್ಲಿ ಮಾರ್ಕೆಟಿಂಗ್ ಅಥವಾ ಹಣಕಾಸನ್ನು ಮುಖ್ಯ ವಿಷಯವಾಗಿ ಆಯ್ದು, ಪ್ರಾಜೆಕ್ಟನ್ನು ವಾಹನೋದ್ಯಮದ ಮೇಲೆ ಮಾಡಿದರೆ ಉದ್ದೇಶ ಈಡೇರುತ್ತದೆ. ಬಿಬಿಎ ಸೇರುವವರು ಒಂದು ವಿಷಯವನ್ನು ಮರೆಯದೆ ಪರಿಶೀಲಿಸಬೇಕು: 2024-25ರಿಂದ ಬಿಬಿಎ ಕೋರ್ಸುಗಳೂ ತಾಂತ್ರಿಕ ಮತ್ತು ನಿರ್ವಹಣಾ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಅನುಮೋದನೆಯ ವ್ಯಾಪ್ತಿಗೆ ಬಂದಿವೆ.

ಯಾವ ಪ್ರವೇಶ ಪರೀಕ್ಷೆ ಬರೆಯಬೇಕು?

ರಾಜ್ಯದ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆಯಬೇಕು. ಪದವಿಯಲ್ಲಿ ಶೇ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45 ಅಂಕ ಬೇಕು. ಐಐಎಂಗಳಿಗೆ ಕ್ಯಾಟ್, ಬೇರೆ ಕೆಲವು ಖಾಸಗಿ ಸಂಸ್ಥೆಗಳಿಗೆ ಎಕ್ಸ್‌ಎಟಿ, ಮ್ಯಾಟ್ ಅಥವಾ ಕೆಮ್ಯಾಟ್ ನಡೆಯುತ್ತದೆ.

371(ಜೆ) ಮೀಸಲಾತಿಯಿಂದ ಇಲ್ಲಿ ಏನು ಅನುಕೂಲ?

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ ಈ ಸೌಲಭ್ಯದಡಿ ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟೂ, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8ರಷ್ಟೂ ಸೀಟುಗಳು ಮೀಸಲಾಗಿರುತ್ತವೆ. ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕು; ಕೌನ್ಸೆಲಿಂಗ್ ಆರಂಭವಾದ ಮೇಲೆ ಕಚೇರಿಗೆ ಓಡಾಡಿ ಸೀಟು ಕಳೆದುಕೊಂಡವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಐಐಎಂಗಳಿಗೂ ಆಡಳಿತ ಮಂಡಳಿಯ ಕೋಟಾ ಸೀಟಿಗೂ ಇದು ಅನ್ವಯಿಸುವುದಿಲ್ಲ.

ಬಿಕಾಂ ಓದಿದ್ದೇನೆ, ಇಂಜಿನ್ ಬಗ್ಗೆ ಏನೂ ಗೊತ್ತಿಲ್ಲ. ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಮೆಕ್ಯಾನಿಕ್‌ನ ಮಾತು ಅರ್ಥವಾಗುವಷ್ಟು ತಿಳಿವಳಿಕೆಯನ್ನಾದರೂ ಸಂಪಾದಿಸಿಕೊಳ್ಳಬೇಕು. ದುರಸ್ತಿಗೆ ಬಂದ ಗಾಡಿಯನ್ನು ಗ್ರಾಹಕನಿಂದ ಪಡೆದುಕೊಳ್ಳುವ ಸರ್ವಿಸ್ ಅಡ್ವೈಸರ್ ಬರೆಯುವ ಜಾಬ್ ಕಾರ್ಡನ್ನೇ ನೋಡಿ. ಅದರಲ್ಲಿ ವಾಹನದ ನೋಂದಣಿ ಸಂಖ್ಯೆ, ಓಡಿದ ಕಿಲೊಮೀಟರ್, ಟ್ಯಾಂಕಿನಲ್ಲಿರುವ ಇಂಧನದ ಮಟ್ಟ, ಮೈಮೇಲಿನ ಗೀರುಗಳ ಗುರುತು, ಗ್ರಾಹಕ ಹೇಳಿದ ದೂರು, ಅಂದಾಜು ಖರ್ಚು, ಗಾಡಿ ಕೊಡುವ ಹೊತ್ತು ಇವೆಲ್ಲ ಇರುತ್ತವೆ. ‘ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಎಡಗಡೆಯಿಂದ ಕಿರ್ರೆನ್ನುತ್ತದೆ’ ಎಂದು ಗ್ರಾಹಕ ಹೇಳಿದ್ದನ್ನು ಅಡ್ವೈಸರ್ ಬರೀ ‘ಬ್ರೇಕ್ ಚೆಕ್’ ಎಂದು ಬರೆದರೆ, ಮೆಕ್ಯಾನಿಕ್ ನಾಲ್ಕೂ ಚಕ್ರ ಸ್ವಚ್ಛ ಮಾಡಿ ಕಳಿಸುತ್ತಾನೆ, ಗಾಡಿ ವಾರದೊಳಗೆ ಅದೇ ದೂರಿನೊಂದಿಗೆ ಮರಳಿ ಬರುತ್ತದೆ. ಎರಡನೇ ಸಲದ ಕೆಲಸಕ್ಕೆ ಕೂಲಿ ಕೇಳುವಂತಿಲ್ಲ, ಆ ಹೊತ್ತಿನಲ್ಲಿ ಬೇರೊಂದು ಗಾಡಿಯ ಕೆಲಸವೂ ಆಗುವುದಿಲ್ಲ. ತಿಂಗಳ ಕೊನೆಗೆ ಇಂಥ ಕಾರ್ಡುಗಳನ್ನು ಎಣಿಸಿ, ನಷ್ಟ ಎಲ್ಲಿ ಆಗುತ್ತಿದೆ ಎಂದು ಕಂಡುಹಿಡಿಯುವುದು ಮ್ಯಾನೇಜರ್ ಕೆಲಸ.

ಪಠ್ಯದಲ್ಲಿ ಏನೇನು ಇರುತ್ತದೆ?

ಲೆಕ್ಕಪತ್ರ, ಹಣಕಾಸು, ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಕಾನೂನು, ಪೂರೈಕೆ ಸರಪಳಿ ಇವು ಎಲ್ಲ ಕಡೆಯೂ ಇರುತ್ತವೆ. ವಾಹನೋದ್ಯಮದ ವಿಶೇಷವೆಂದರೆ ನಿರ್ವಹಣೆಯ ಬಹುಪಾಲು ಪಾಠಗಳು ಇಲ್ಲಿಂದಲೇ ಹೊರಟಿವೆ. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದ ಮೇಲೆ, ಒಂದು ಚಾಸಿಗೆ (ಕಾರಿನ ಅಡಿಚೌಕಟ್ಟಿಗೆ) ಸುಮಾರು ಹನ್ನೆರಡೂವರೆ ತಾಸು ಹಿಡಿಯುತ್ತಿದ್ದ ಜೋಡಣೆ ಕ್ರಮೇಣ 93 ನಿಮಿಷಕ್ಕೆ ಇಳಿಯಿತು. ಅಗ್ಗದ ಕಾರು ಮಾಡಿದರೆ ಸಾಕು, ಜನ ನಗದು ಕೊಟ್ಟು ಕೊಳ್ಳುತ್ತಾರೆ ಎಂದು ಫೋರ್ಡ್ ನಂಬಿದ್ದ ಕಾಲದಲ್ಲೇ ಜನರಲ್ ಮೋಟಾರ್ಸ್ 1919ರಲ್ಲಿ ತನ್ನದೇ ಸಾಲ ಸಂಸ್ಥೆಯನ್ನು ತೆರೆದು ಕಂತಿನ ಮೇಲೆ ಕಾರು ಮಾರಿತು. ಇಂದು ನಮ್ಮೂರಿನ ಪ್ರತಿ ಶೋರೂಂನಲ್ಲಿ ಫೈನಾನ್ಸ್ ಕಂಪನಿಯವರ ಮೇಜು ಇರುವುದು ಅದೇ ಪದ್ಧತಿಯ ಮುಂದುವರಿಕೆ. ಮುಂದೆ ಟೊಯೊಟಾದಲ್ಲಿ ತೈಚಿ ಓನೊ ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸುವ ಕ್ರಮವನ್ನು ರೂಪಿಸಿದರು. ಆ ಕ್ರಮ ಎಷ್ಟು ದಕ್ಷವೋ ಅಷ್ಟೇ ನಾಜೂಕು ಎಂಬುದು 2021ರಲ್ಲಿ ಚಿಪ್‌ಗಳ ಕೊರತೆಯಿಂದ ನಮ್ಮ ದೇಶದಲ್ಲೂ ಕಾರು ತಯಾರಿಕೆ ಕುಂಟಿದಾಗ ಎಲ್ಲರಿಗೂ ತಿಳಿಯಿತು.

ಶೋರೂಂನವರಿಗೆ ಲಾಭ ಬರುವುದು ಗಾಡಿ ಮಾರಿದಾಗಲೇ ಅಲ್ಲವೇ?

ಹೊರಗಿನಿಂದ ಹಾಗೆ ಕಾಣುತ್ತದೆ. ಹೊಸ ಗಾಡಿಯ ಮೇಲೆ ವಿತರಕರಿಗೆ ಉಳಿಯುವುದು ಸಾಮಾನ್ಯವಾಗಿ ಬೆಲೆಯ ಸಣ್ಣ ಪಾಲು, ಅದರಲ್ಲೂ ರಿಯಾಯಿತಿ ಮತ್ತು ಬಡ್ಡಿ ಕಳೆಯಬೇಕು. ಬಡ್ಡಿಯ ಮಾತನ್ನು ಲೆಕ್ಕದಲ್ಲಿ ನೋಡೋಣ. ವಿತರಕರು ಕಂಪನಿಯಿಂದ ಗಾಡಿ ತರುವುದು ಬಹುತೇಕ ಬ್ಯಾಂಕಿನ ಹಣದಿಂದ. ಎಂಟು ಲಕ್ಷ ರೂಪಾಯಿಯ ಟ್ರ್ಯಾಕ್ಟರ್ ಒಂದನ್ನು ವಾರ್ಷಿಕ ಶೇ 12ರ ಬಡ್ಡಿಯಲ್ಲಿ ತಂದು ನಿಲ್ಲಿಸಿದ್ದಾರೆ ಎಂದುಕೊಳ್ಳಿ. ತಿಂಗಳಿಗೆ ಎಂಟು ಸಾವಿರದಂತೆ, ಮೂರು ತಿಂಗಳು ಅಂಗಳದಲ್ಲಿ ನಿಂತರೆ ಇಪ್ಪತ್ತನಾಲ್ಕು ಸಾವಿರ ಹೋಯಿತು. ಬಿಸಿಲಿಗೆ ಟೈರು, ಬ್ಯಾಟರಿ ಸೊರಗುವುದು ಬೇರೆ. ಆದ್ದರಿಂದಲೇ ಅನುಭವಿ ಮ್ಯಾನೇಜರ್ ಬೆಳಗ್ಗೆ ಬಂದ ತಕ್ಷಣ ಕೇಳುವುದು ನಿನ್ನೆ ಎಷ್ಟು ಮಾರಾಟವಾಯಿತು ಎಂದಲ್ಲ, ಅರವತ್ತು ದಿನ ದಾಟಿದ ಗಾಡಿ ಎಷ್ಟಿವೆ ಎಂದು.

ವಿತರಕರ ಸಂಸಾರ ನಡೆಯುವುದು ಸರ್ವಿಸ್, ಬಿಡಿಭಾಗ, ವಿಮೆ, ಸಾಲದ ಕಮಿಷನ್ ಮತ್ತು ಹಳೆ ಗಾಡಿ ವಿನಿಮಯದಿಂದ. ಇದನ್ನು ಅಳೆಯಲು ಒಂದು ಸರಳ ಲೆಕ್ಕವಿದೆ: ಸಂಬಳ, ಬಾಡಿಗೆ, ವಿದ್ಯುತ್ ಸೇರಿದ ತಿಂಗಳ ಸ್ಥಿರ ಖರ್ಚಿನಲ್ಲಿ ಎಷ್ಟು ಪಾಲನ್ನು ಸರ್ವಿಸ್ ಮತ್ತು ಬಿಡಿಭಾಗಗಳ ಒಟ್ಟು ಲಾಭವೇ ಹೊರುತ್ತದೆ ಎಂಬುದು. ಖರ್ಚು ಹತ್ತು ಲಕ್ಷವಿದ್ದು ವರ್ಕ್‌ಶಾಪಿನಿಂದ ಆರು ಲಕ್ಷ ಬಂದರೆ ಶೇ 60, ಉಳಿದ ನಾಲ್ಕು ಲಕ್ಷಕ್ಕೆ ಗಾಡಿ ಮಾರಾಟವನ್ನು ನೆಚ್ಚಿಕೊಳ್ಳಬೇಕು. ಈ ಪ್ರಮಾಣ ನೂರರ ಸಮೀಪ ಇರುವ ವಿತರಕರು ಮಾರಾಟ ಬಿದ್ದ ವರ್ಷದಲ್ಲೂ ಬಾಗಿಲು ಹಾಕುವುದಿಲ್ಲ. ಸಂದರ್ಶನಕ್ಕೆ ಹೋಗುವ ವಿದ್ಯಾರ್ಥಿ ಈ ಒಂದು ಲೆಕ್ಕವನ್ನು ವಿವರಿಸಬಲ್ಲವನಾದರೆ ಎದುರಿಗೆ ಕುಳಿತವರು ಮಾತನ್ನು ಕಿವಿಗೊಟ್ಟು ಕೇಳುತ್ತಾರೆ.

ವಾಹನ ಸಾಲದ ವಿಭಾಗದಲ್ಲಿ ಕೆಲಸ ಸಿಗುತ್ತದೆಯೇ? ಅದು ಬರೀ ವಸೂಲಿ ಕೆಲಸವೇ?

ಸಿಗುತ್ತದೆ, ನಮ್ಮ ಭಾಗದಲ್ಲಿ ಹೆಚ್ಚಾಗಿಯೇ ಸಿಗುತ್ತದೆ. ವಸೂಲಿ ಅದರ ಕೊನೆಯ ಹಂತ. ಮೊದಲ ಹಂತದಲ್ಲಿ ಸಾಲ ಕೇಳುವವನ ದುಡಿಮೆಯನ್ನು ಅಂದಾಜು ಮಾಡಬೇಕು, ಅದು ಸಂಬಳದ ಚೀಟಿ ನೋಡಿ ಮುಗಿಯುವ ಕೆಲಸವಲ್ಲ. ರೈತನಿಗೆ ಹಣ ಬರುವುದು ಅಡತಿ ಅಂಗಡಿಯಿಂದ ಬೆಳೆಯ ಲೆಕ್ಕ ಮುಗಿದಾಗ; ಆದ್ದರಿಂದ ಟ್ರ್ಯಾಕ್ಟರ್ ಸಾಲದ ಕಂತನ್ನು ಹಲವೆಡೆ ತಿಂಗಳಿಗೊಮ್ಮೆ ಇಡದೆ ಬೆಳೆ ಬರುವ ಹೊತ್ತಿಗೆ ಹೊಂದಿಸಿ ಇಡುತ್ತಾರೆ.

ತಪ್ಪಾಗಿ ಅಂದಾಜು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಗಿಂತ ದೊಡ್ಡ ಉದಾಹರಣೆ ಬೇಡ. ಅದಿರಿನ ಅಬ್ಬರದ ವರ್ಷಗಳಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಕಂತಿನ ಮೇಲೆ ಲಾರಿ ಕೊಂಡವರು ಬಹಳ ಮಂದಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದ ಮೇಲೆ ಆ ಲಾರಿಗಳಿಗೆ ಬಾಡಿಗೆ ನಿಂತಿತು, ಕಂತು ನಿಲ್ಲಲಿಲ್ಲ. ಒಂದೇ ಸರಕು, ಒಂದೇ ಜಿಲ್ಲೆ, ಒಂದೇ ಬಗೆಯ ಗಿರಾಕಿಗಳನ್ನು ನಂಬಿ ಕೊಟ್ಟ ಸಾಲವೆಲ್ಲ ಒಟ್ಟಿಗೆ ಅಪಾಯಕ್ಕೆ ಬೀಳುತ್ತದೆ ಎಂಬುದನ್ನು ಹಣಕಾಸಿನ ಪುಸ್ತಕ ಒಂದು ಅಧ್ಯಾಯದಲ್ಲಿ ಹೇಳುತ್ತದೆ, ಆಗ ಲಾರಿ ಇಟ್ಟಿದ್ದ ಯಾರನ್ನೇ ಕೇಳಿದರೂ ಅದಕ್ಕಿಂತ ಚೆನ್ನಾಗಿ ಹೇಳುತ್ತಾರೆ. ವಸೂಲಿಯ ವಿಷಯದಲ್ಲಿಯೂ ಕಾನೂನು ತಿಳಿದಿರಬೇಕು. ತೋಳ್ಬಲ ತೋರಿಸಿ ಗಾಡಿ ಎಳೆದೊಯ್ಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ಬೇಡಿಕೆಯನ್ನು ಮುಂದಾಗಿ ಅಂದಾಜು ಮಾಡುವುದು ಹೇಗೆ?

ಮೊದಲು ಪಂಚಾಂಗ ನೋಡಬೇಕು ಎಂದರೆ ನಗಬಾರದು. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಬಹಳ ಜನ ಗಾಡಿ ಮನೆಗೆ ತರುವುದಿಲ್ಲ. ಆಯುಧಪೂಜೆ, ದೀಪಾವಳಿ, ಯುಗಾದಿಗೆ ಸಾಲುಗಟ್ಟುತ್ತಾರೆ. ಅದರ ಮೇಲೆ ಜಲಾಶಯದ ನೀರಿನ ಮಟ್ಟ ಬರುತ್ತದೆ: ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ಸಿಂಧನೂರಿನ ಟ್ರ್ಯಾಕ್ಟರ್ ಶೋರೂಂ ತನ್ನ ದಾಸ್ತಾನನ್ನು ನಿರ್ಧರಿಸಬೇಕಾಗುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಆತಂಕಕ್ಕೆ ಒಳಗಾದವರು ರೈತರು ಮಾತ್ರವೇ ಆಗಿರಲಿಲ್ಲ.

ಆಮೇಲೆ ಅಂಕಿಅಂಶ. ಪತ್ರಿಕೆಗಳಲ್ಲಿ ಪ್ರತಿ ತಿಂಗಳು ಬರುವ ಎರಡು ಬಗೆಯ ಸಂಖ್ಯೆಗಳನ್ನು ಬೆರೆಸಬಾರದು. ತಯಾರಕರ ಸಂಘವಾದ ಸಿಯಾಮ್ ಮುಖ್ಯವಾಗಿ ಕೊಡುವುದು ಕಾರ್ಖಾನೆಯಿಂದ ವಿತರಕರಿಗೆ ಹೋದ ಗಾಡಿಗಳ ಲೆಕ್ಕ, ವಿತರಕರ ಒಕ್ಕೂಟವಾದ ಫಾಡಾ ಕೊಡುವುದು ನೋಂದಣಿಯಾದ ಗಾಡಿಗಳ ಲೆಕ್ಕ. ಮೊದಲನೆಯದು ಏರುತ್ತಾ ಎರಡನೆಯದು ನಿಂತಿದ್ದರೆ ಶೋರೂಂಗಳ ಅಂಗಳ ತುಂಬುತ್ತಿದೆ ಎಂದರ್ಥ.

ಮೂರನೆಯದು ಸರ್ಕಾರದ ಮತ್ತು ಕೋರ್ಟಿನ ಆದೇಶ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಏಪ್ರಿಲ್ 1ರಿಂದ ಬಿಎಸ್-3 (ಹೊಗೆ ಮಿತಿಯ ಹಳೆಯ ಮಾನದಂಡ) ವಾಹನ ಮಾರುವಂತಿಲ್ಲ ಎಂದಾಗ ಉಳಿದ ಎರಡು ದಿನಗಳಲ್ಲಿ ಬೈಕುಗಳು ಭಾರಿ ರಿಯಾಯಿತಿಗೆ ಹೋದವು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಟ್ರ್ಯಾಕ್ಟರ್‌ಗೆ ಶೇ 5, ಸಣ್ಣ ಕಾರು ಮತ್ತು 350 ಸಿಸಿವರೆಗಿನ ಬೈಕಿಗೆ ಶೇ 18 ಆಯಿತು. ತೆರಿಗೆ ಇಳಿಯುವ ಸೂಚನೆ ಆಗಸ್ಟ್ 15ರಂದೇ ಸಿಕ್ಕಿದ್ದರಿಂದ ಗಿರಾಕಿಗಳು ಖರೀದಿಯನ್ನು ಮುಂದೂಡಿದರು, ದಾಸ್ತಾನು ಹೊತ್ತಿದ್ದ ವಿತರಕರು ಬಡ್ಡಿ ಕಟ್ಟುತ್ತಾ ಕಾದರು. ಎಂಬಿಎ ಪ್ರಾಜೆಕ್ಟಿಗೆ ವಿಷಯ ಹುಡುಕುವವರು ತಮ್ಮ ತಾಲ್ಲೂಕಿನ ಒಂದು ಶೋರೂಂನ ಆ ಐದು ವಾರಗಳನ್ನು ಅಧ್ಯಯನ ಮಾಡಬಹುದು.

ವಿದ್ಯುತ್ ವಾಹನಗಳು ಬಂದ ಮೇಲೆ ಈ ಓದು ಹಳತಾಗುವುದಿಲ್ಲವೇ?

ಓದು ಹಳತಾಗುವುದಿಲ್ಲ, ಲೆಕ್ಕ ಬದಲಾಗುತ್ತದೆ. ವಿದ್ಯುತ್ ವಾಹನದಲ್ಲಿ ಇಂಜಿನ್ ಆಯಿಲ್ ಬದಲಿಸುವುದಿಲ್ಲ, ಚಲಿಸುವ ಭಾಗಗಳೂ ಕಡಿಮೆ; ಮೇಲೆ ಹೇಳಿದ ಸರ್ವಿಸ್ ಆದಾಯ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಇನ್ನೊಂದೆಡೆ ಹಳೆಯ ವಾಹನದ ಬೆಲೆ ಕಟ್ಟುವಾಗ ಬ್ಯಾಟರಿಯ ಸ್ಥಿತಿಯೇ ಮುಖ್ಯವಾಗುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ, ಏಕೆಂದರೆ ಶಾಖ ಬ್ಯಾಟರಿಯ ಆಯುಷ್ಯವನ್ನು ತಗ್ಗಿಸುತ್ತದೆ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಆದರೂ ತಾಲ್ಲೂಕು ಮಟ್ಟದಲ್ಲಿ ಈ ಲೆಕ್ಕ ಬಲ್ಲವರು ಇನ್ನೂ ವಿರಳ.

ಐಟಿಐ ಅಥವಾ ಡಿಪ್ಲೊಮಾ ಮಾಡಿ ವರ್ಕ್‌ಶಾಪಿನಲ್ಲಿರುವವರು ನಿರ್ವಹಣೆಗೆ ಬರಬಹುದೇ?

ಖಂಡಿತ ಬರಬಹುದು, ಅವರೇ ಒಳ್ಳೆಯ ಸರ್ವಿಸ್ ಮ್ಯಾನೇಜರ್ ಆಗುತ್ತಾರೆ ಎಂಬುದು ಇಲ್ಲಿನ ಅಭಿಪ್ರಾಯ. ಕೆಲಸ ಬಿಡದೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಥವಾ ಇಗ್ನೋ ಮೂಲಕ ಪದವಿ, ಆಮೇಲೆ ಎಂಬಿಎ ಮಾಡಿಕೊಳ್ಳಬಹುದು. ವಾಹನ ಕ್ಷೇತ್ರದ ಕೌಶಲ ಮಂಡಳಿಯಾದ ಎಎಸ್‌ಡಿಸಿಯ ಅಲ್ಪಾವಧಿ ಪ್ರಮಾಣಪತ್ರಗಳೂ ಇವೆ. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳಿಗಾಗಿ ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ಆರಂಭಿಸಿದ ತರಬೇತಿ ಸಂಸ್ಥೆಯನ್ನು ಈ ಭಾಗದ ಪ್ರೌಢಶಾಲೆಗಳು ಇನ್ನಷ್ಟು ಗಮನಿಸಬೇಕು.

ಇಂಟರ್ನ್‌ಶಿಪ್ ಎಲ್ಲಿ ಮಾಡಬೇಕು?

ಪ್ರಮಾಣಪತ್ರದ ಮೇಲೆ ದೊಡ್ಡ ಹೆಸರು ಇರಲಿ ಎಂದು ಬೆಂಗಳೂರಿನ ಕಚೇರಿಯಲ್ಲಿ ಸುಮ್ಮನೆ ಕುಳಿತು ಬರುವುದಕ್ಕಿಂತ, ಹೊಸಪೇಟೆ ಅಥವಾ ಗಂಗಾವತಿಯ ಟ್ರ್ಯಾಕ್ಟರ್ ವಿತರಕರ ಬಿಡಿಭಾಗಗಳ ಕೌಂಟರಿನಲ್ಲಿ ಎರಡು ತಿಂಗಳು ನಿಂತರೆ ಹೆಚ್ಚು ಕಲಿಯಬಹುದು. ಯಾವ ಬಿಡಿಭಾಗ ದಿನಾ ಹೋಗುತ್ತದೆ, ಯಾವುದು ವರ್ಷಗಟ್ಟಲೆ ಧೂಳು ಹಿಡಿದು ಕೂತಿದೆ, ಕೊಯ್ಲಿನ ಸಮಯದಲ್ಲಿ ಯಾವುದು ಇಲ್ಲವೆಂದು ಗಿರಾಕಿ ಬೈದು ಹೋದ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಆ ನೋಟ್‌ಬುಕ್ಕೇ ಪ್ರಾಜೆಕ್ಟ್ ವರದಿಯ ಜೀವಾಳ. ಸೇರುವ ಮೊದಲು ದಾಸ್ತಾನಿನ ಲೆಕ್ಕ ನೋಡಲು ಬಿಡುತ್ತೀರಾ ಎಂದು ಕೇಳಿ. ಬರೀ ಕರಪತ್ರ ಹಂಚಲು ಕಳಿಸುವ ಜಾಗವಾದರೆ ಬೇರೆ ಕಡೆ ನೋಡಿ.

ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ.

ಕಂಪನಿಯ ವರದಿ, ಇಮೇಲ್, ಎಕ್ಸೆಲ್ ಇವು ಇಂಗ್ಲಿಷಿನಲ್ಲಿಯೇ ಇರುತ್ತವೆ, ಅಷ್ಟನ್ನು ಕಲಿಯಲೇಬೇಕು. ಆದರೆ ಬಳ್ಳಾರಿಯಲ್ಲಿ ಬೆಳೆದವರಿಗೆ ಕನ್ನಡದ ಜೊತೆ ತೆಲುಗು, ಉರ್ದು ಸರಾಗವಾಗಿ ಬರುವುದೂ ಮಾರಾಟದಲ್ಲಿ ದೊಡ್ಡ ಬಂಡವಾಳ. ಸಿಂಧನೂರು, ಗಂಗಾವತಿಯಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ರೈತರೊಂದಿಗೆ ತೆಲುಗಿನಲ್ಲಿ ಚೌಕಾಸಿ ಮಾಡಬಲ್ಲ ಹುಡುಗನನ್ನು ಟ್ರ್ಯಾಕ್ಟರ್ ಕಂಪನಿ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಸಂಬಳ ಎಷ್ಟಿರುತ್ತದೆ?

ಹುದ್ದೆ, ಊರು, ಕಂಪನಿಗೆ ತಕ್ಕಂತೆ ಬದಲಾಗುತ್ತದೆ. ಮಾರಾಟದ ಕೆಲಸದಲ್ಲಿ ನಿಗದಿತ ಸಂಬಳ ಎಷ್ಟು, ಗುರಿ ಮುಟ್ಟಿದರೆ ಸಿಗುವ ಪ್ರೋತ್ಸಾಹಧನ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಆಷಾಢದ ತಿಂಗಳಲ್ಲಿ ಪ್ರೋತ್ಸಾಹಧನ ಸೊನ್ನೆಯಾದರೂ ಮನೆ ನಡೆಯುತ್ತದೆಯೇ ಎಂದು ಲೆಕ್ಕ ಹಾಕಿ ಒಪ್ಪಿಕೊಳ್ಳಬೇಕು.

ವಿದೇಶದಲ್ಲಿ ಇದೇ ವಿಷಯ ಓದಬಹುದೇ? ಹಣ ಹೊಂದಿಸುವುದು ಹೇಗೆ?

ಅಮೆರಿಕದ ಮಿಷಿಗನ್ ರಾಜ್ಯದ ನಾರ್ತ್‌ವುಡ್ ವಿಶ್ವವಿದ್ಯಾಲಯ, ಕೆನಡಾದ ಬ್ಯಾರಿ ನಗರದ ಜಾರ್ಜಿಯನ್ ಕಾಲೇಜು, ಜರ್ಮನಿಯ ಗೈಸ್ಲಿಂಗನ್ ಪಟ್ಟಣದ ವಿಶ್ವವಿದ್ಯಾಲಯ ಇವು ವಾಹನ ವ್ಯವಹಾರವನ್ನೇ ಪ್ರತ್ಯೇಕ ವಿಷಯವಾಗಿ ಕಲಿಸುವ ಹೆಸರಾದ ಕಡೆಗಳು. ಅಲ್ಲಿನ ವಿತರಕ ಪದ್ಧತಿ, ಕಾನೂನು, ಗ್ರಾಹಕರ ನಡವಳಿಕೆ ಬೇರೆ. ಹೊಲ ಮಾರಿ ಹೋಗಿ ಓದಿ ಮರಳಿ ಇಲ್ಲಿಯೇ ಕೆಲಸ ಮಾಡುವ ಯೋಚನೆಯಿದ್ದರೆ ಎರಡು ಸಲ ಯೋಚಿಸಬೇಕು. ದೇಶದೊಳಗಿನ ಓದಿಗೆ ಬ್ಯಾಂಕುಗಳು ನಾಲ್ಕು ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಅರ್ಹರಿಗೆ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಶಿಕ್ಷಣ ಸಾಲವೂ ಇದೆ.

ಹೆಣ್ಣುಮಕ್ಕಳಿಗೆ ಈ ಕ್ಷೇತ್ರ ಸರಿಹೊಂದುತ್ತದೆಯೇ?

ಈ ಪ್ರಶ್ನೆಯನ್ನು ಕೇಳುವವರು ಹೆಚ್ಚಾಗಿ ತಂದೆತಾಯಂದಿರು. ಗ್ರಾಹಕ ಸಂಪರ್ಕ, ಲೆಕ್ಕಪತ್ರ, ವಿಮೆ, ಬಿಡಿಭಾಗಗಳ ನಿರ್ವಹಣೆ, ಸರ್ವಿಸ್ ಅಡ್ವೈಸರ್ ಕೆಲಸಗಳಲ್ಲಿ ಮಹಿಳೆಯರು ಈಗಾಗಲೇ ಇದ್ದಾರೆ. ಕೇಳಬೇಕಾದದ್ದು ತಿಂಗಳ ಕೊನೆಯ ದಿನಗಳಲ್ಲಿ ರಾತ್ರಿ ಎಷ್ಟು ಹೊತ್ತಿನವರೆಗೆ ಕೆಲಸವಿರುತ್ತದೆ, ಮನೆಗೆ ಬಿಡುವ ವ್ಯವಸ್ಥೆ ಯಾರದು ಎಂಬುದನ್ನು.

ನಮ್ಮದೇ ಬಿಡಿಭಾಗಗಳ ಅಂಗಡಿ ಇದೆ. ಅಪ್ಪ ‘ಓದಿ ಏನಾಗಬೇಕು, ಗಲ್ಲಾದಲ್ಲಿ ಕೂರು’ ಎನ್ನುತ್ತಾರೆ.

ಎರಡನ್ನೂ ಮಾಡಬಹುದು. ಸಮೀಪದ ಕಾಲೇಜಿನಲ್ಲಿ ಬಿಕಾಂ ಅಥವಾ ಬಿಬಿಎ ಸೇರಿ, ಸಂಜೆ ಅಂಗಡಿಯಲ್ಲಿರಿ. ಮೊದಲ ವರ್ಷದ ರಜೆಯಲ್ಲಿ ಅಂಗಡಿಯ ಎಲ್ಲ ಸರಕನ್ನು ಕಂಪ್ಯೂಟರಿಗೆ ಹತ್ತಿಸಿ, ಒಂದು ವರ್ಷದಿಂದ ಒಂದೂ ಮಾರಾಟವಾಗದ ಸಾಮಾನುಗಳ ಪಟ್ಟಿ ಮಾಡಿ, ಅದರಲ್ಲಿ ಎಷ್ಟು ರೂಪಾಯಿ ಸಿಕ್ಕಿಬಿದ್ದಿದೆ ಎಂದು ಕೆಳಗೆ ಮೊತ್ತ ಬರೆದು ತಂದೆಯವರ ಮುಂದಿಡಿ. ಉದ್ರಿ ಖಾತೆಯನ್ನೂ ಅದೇ ರೀತಿ ತಿಂಗಳುವಾರು ಬಿಡಿಸಿ ತೋರಿಸಿ. ಮುಂದೆ ಎಂಬಿಎ ಬೇಕೋ ಬೇಡವೋ ಎಂಬ ಮಾತನ್ನು ಆ ಎರಡು ಹಾಳೆಗಳನ್ನು ಎದುರಿಗಿಟ್ಟುಕೊಂಡು ಆಡುವುದು ಒಳ್ಳೆಯದು.